ಹಿತ್ತಲಿಗೆ ದಿನಾ ಬರುವ ಕೇರೆ ಹಾವು: ಓಡಿಸಬೇಕಾ, ಇರಲಿ ಬಿಡಬೇಕಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ. ಮೂರು ತಿಂಗಳಿಂದ ಒಂದು ಕೇರೆ ಹಾವು ಹೆಚ್ಚುಕಡಿಮೆ ದಿನಾ ಹಿತ್ತಲಿಗೆ ಬರುತ್ತಿದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಚ್ಚಲುಮನೆ ಪಕ್ಕದ ಕಟ್ಟಿಗೆ ರಾಶಿ ಮೇಲೆ ಬಿಸಿಲು ಕಾಯಿಸುತ್ತಾ ಮಲಗುತ್ತದೆ. ನಾನು ಅಲ್ಲೇ ಬಟ್ಟೆ ಒಗೆಯುತ್ತಿದ್ದರೂ ತನ್ನ ಪಾಡಿಗೆ ತಾನಿರುತ್ತದೆ. ಬಾಲದ ತುದಿ ತುಂಡಾಗಿರುವುದರಿಂದ ಅದೇ ಹಾವು ಅಂತ ಗೊತ್ತಾಗುತ್ತದೆ. ಎಂಟು ವರ್ಷದ ಮಗಳು ಅದಕ್ಕೆ ‘ಕೇರಣ್ಣ’ ಅಂತ ಹೆಸರಿಟ್ಟಿದ್ದಾಳೆ. ಮೊಟ್ಟೆ ಇಡೋಣ, ಒಂದೇ ಒಂದು ಸಲ ಮುಟ್ಟಲಾ ಅಂತ ಹಟ. ನಮ್ಮ ಅತ್ತೆ, ‘ಅದು ಕೊಟ್ಟಿಗೆಗೆ ಹಾಲು ಕುಡಿಯಲು ಬರುತ್ತೆ, ಕೇರೆ ಇದ್ದಲ್ಲಿ ನಾಗರ ಬರುತ್ತೆ, ಓಡಿಸಿ’ ಅನ್ನುತ್ತಾರೆ. ನಮ್ಮನೆಯವರು ಹಾವು ಹಿಡಿಯುವವರನ್ನು ಕರೆಸಿ ದೂರದ ಕಾಡಿಗೆ ಬಿಡಿಸೋಣ ಅನ್ನುತ್ತಾರೆ. ನನಗೆ ಅದು ಇದ್ದರೆ ಇಷ್ಟವೇ. ಆದರೆ ಮಗು ಇರುವ ಮನೆ. ಏನು ಮಾಡೋದು? ಕಟ್ಟಿಗೆ ರಾಶಿಯಲ್ಲಿ ಸಿಕ್ಕ ಪೊರೆಯನ್ನು ಮಗಳು ಎತ್ತಿಟ್ಟುಕೊಂಡಿದ್ದಾಳೆ. ಅದರಿಂದ ಏನಾದರೂ ತೊಂದರೆ ಇದೆಯಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕೇರೆ ಇರಲಿ. ಹಿಡಿಸಬೇಡಿ. ಮೊಟ್ಟೆ ಇಡಬೇಡಿ, ಮುಟ್ಟಲು ಬಿಡಬೇಡಿ. ಮಗಳು ಇಟ್ಟ ಹೆಸರು ಮಾತ್ರ ಹಾಗೇ ಇರಲಿ, ಚೆನ್ನಾಗಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಕೇರೆಯೇ ಅಂತ ನಿಮಗೆ ಎಷ್ಟು ಖಾತ್ರಿ? ಮಲೆನಾಡಿನಲ್ಲಿ ಹುಟ್ಟಿ ಬೆಳೆದವರೂ ಹೆಡೆ ಬಿಚ್ಚದೆ ಹೋಗುವ ನಾಗರವನ್ನು ಕೇರೆ ಅಂದುಕೊಳ್ಳುತ್ತಾರೆ. ಕೇರೆಯನ್ನು ನಾಗರ ಅಂದುಕೊಂಡು ಹೊಡೆದು ಹಾಕಿದ್ದಂತೂ ಲೆಕ್ಕವಿಲ್ಲ. ಹಾಗಾಗಿ ನಾಳೆ ಬೆಳಿಗ್ಗೆ ಏಳೆಂಟು ಅಡಿ ದೂರದಲ್ಲಿ ನಿಂತು ಸಮಾಧಾನವಾಗಿ ನೋಡಿ. ಕೇರೆಯ ಕಣ್ಣು ದೊಡ್ಡದು, ಪಾಪೆ ದುಂಡಗೆ. ತಲೆಗಿಂತ ಕುತ್ತಿಗೆ ಸಣ್ಣದು, ತಲೆ ಬೇರೆಯಾಗಿ ಎದ್ದು ಕಾಣುತ್ತದೆ. ತುಟಿಯ ಮೇಲೆ ಸಾಲಾಗಿ ಕಪ್ಪು ಗೆರೆಗಳಿರುತ್ತವೆ, ಪೆನ್ನಿನಿಂದ ಗೀಚಿದ ಹಾಗೆ. ಇದು ಒಳ್ಳೆಯ ಗುರುತು. ಮೈಯ ಹಿಂಭಾಗದಲ್ಲಿ, ಬಾಲದ ಕಡೆ ಹೋದಂತೆ ಕಪ್ಪು ಬಲೆ ಹಾಸಿದಂತೆ ಕಾಣುತ್ತದೆ. ನಾಗರದ ಕಣ್ಣು ಚಿಕ್ಕದು, ತಲೆ ಕುತ್ತಿಗೆ ಒಂದೇ ಅಗಲ, ಮೈ ಎಣ್ಣೆ ಹಚ್ಚಿದಂತೆ ನುಣುಪು. ಹೆಡೆಯ ಮೇಲಿನ ಕನ್ನಡಕದ ಗುರುತನ್ನೇ ನಂಬಬೇಡಿ, ಕೆಲವು ನಾಗರಗಳಲ್ಲಿ ಅದು ಇರುವುದೇ ಇಲ್ಲ. ಹೆದರಿದಾಗ ನಾಗರ ಕುತ್ತಿಗೆಯನ್ನು ಅಗಲ ಮಾಡುತ್ತದೆ. ಕೇರೆ ಅದಕ್ಕೆ ಉಲ್ಟಾ, ಕುತ್ತಿಗೆಯನ್ನು ಎರಡೂ ಬದಿಯಿಂದ ಒತ್ತಿದಂತೆ ಚಪ್ಪಟೆ ಮಾಡಿ ಗುರ್ ಅಂತ ಸದ್ದು ಮಾಡುತ್ತದೆ. ಮೊದಲ ಸಲ ಕೇಳಿದವರು ಎಲ್ಲೋ ನಾಯಿ ಗುರುಗುಟ್ಟಿತು ಅಂತ ತಿರುಗಿ ನೋಡುತ್ತಾರೆ.

ಇನ್ನೊಂದು ಸುಲಭದ ಗುರುತು ಹೊತ್ತು. ಕೇರೆ ಹಗಲಿನ ಹಾವು. ಸೂರ್ಯ ಮೇಲೆ ಬಂದ ಮೇಲೆ ಹೊರಬೀಳುತ್ತದೆ, ಕತ್ತಲಾದರೆ ಬಿಲ ಸೇರುತ್ತದೆ. ನೀವು ಹೇಳಿದ ‘ಬೆಳಿಗ್ಗೆ ಹತ್ತರ ಹೊತ್ತಿಗೆ’ ಅನ್ನೋದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಅದೇ ಕಟ್ಟಿಗೆ ರಾಶಿಯಲ್ಲಿ ರಾತ್ರಿ ಎಂಟಕ್ಕೆ ಹಾವು ಕಂಡರೆ ‘ನಮ್ಮ ಕೇರಣ್ಣ’ ಅಂದುಕೊಳ್ಳಬೇಡಿ. ಈ ಒಂದು ಮಾತನ್ನು ಮಗಳಿಗೆ ಬಾಯಿಪಾಠ ಮಾಡಿಸಿ.

ನೀವು ಬಟ್ಟೆ ಒಗೆಯುವಾಗ ಅದು ಯಾಕೆ ಓಡುವುದಿಲ್ಲ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಡವಟ್ಟು ಶುರುವಾಗುವುದೇ ಇಲ್ಲಿಂದ. ಹಾವಿಗೆ ಹೊರಗಿವಿ ಇಲ್ಲ. ನಿಮ್ಮ ಓಡಾಟವೆಲ್ಲ ಅದಕ್ಕೆ ಮುಖ್ಯವಾಗಿ ನೆಲದ ಅದುರಿನಿಂದ, ಕಣ್ಣಿನಿಂದ, ನಾಲಗೆ ಹೊರಚಾಚಿ ಹಿಡಿಯುವ ವಾಸನೆಯಿಂದ ಗೊತ್ತಾಗುತ್ತದೆ. ದಿನಾ ಅದೇ ಹೊತ್ತು, ಅದೇ ಕಲ್ಲು, ಅದೇ ಬಟ್ಟೆ ಬಡಿಯುವ ಅದುರು. ಇದರಿಂದ ಅಪಾಯ ಬರಲಿಲ್ಲ ಅಂತ ಅದಕ್ಕೆ ರೂಢಿಯಾಗಿದೆ. ಅಷ್ಟೇ. ಅದು ಪಳಗಿಲ್ಲ. ನಿಮ್ಮನ್ನು ನೋಡಲು ಬರುತ್ತಿಲ್ಲ, ಬಿಸಿಲಿಗೆ ಬರುತ್ತಿದೆ. ಅದರ ಮೈಗೆ ಸ್ವಂತ ಕಾವಿಲ್ಲ. ತಿಂದದ್ದು ಕರಗಬೇಕಾದರೂ ಬಿಸಿಲು ಬೇಕು. ನಿಮ್ಮ ಕಟ್ಟಿಗೆ ರಾಶಿ ಪೂರ್ವಕ್ಕೋ ದಕ್ಷಿಣಕ್ಕೋ ತೆರೆದುಕೊಂಡಿರಬೇಕು, ಒಳಗೆ ನುಸುಳಲು ಸಂದಿ ಇರಬೇಕು, ಬಚ್ಚಲ ಮೋರಿ ಹತ್ತಿರ ಕಪ್ಪೆ, ಇಲಿ ಇರಬೇಕು. ಹಾವಿನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ನನಗೆ ಇದರಲ್ಲಿ ಬೇಜಾರು ಪಡುವಂಥದ್ದು ಏನೂ ಕಾಣುವುದಿಲ್ಲ. ನಮ್ಮ ಪ್ರೀತಿ ಬೇಡದ ಒಂದು ಜೀವ, ನಾವು ಇದ್ದಲ್ಲೇ ನಿರಾತಂಕವಾಗಿ ಮಲಗುತ್ತದೆ ಅಂದರೆ ಅದು ಸಣ್ಣ ವಿಷಯ ಅಲ್ಲ. ಆ ನಿರಾತಂಕವನ್ನು ಹಾಗೇ ಉಳಿಸುವುದೇ ನಿಮ್ಮ ಮನೆಯವರು ಮಾಡಬಹುದಾದ ಸ್ನೇಹ. ಮುಟ್ಟಿದ ಕ್ಷಣ ಅದು ಹಾಳಾಗುತ್ತದೆ. ಕೈ ಮೇಲಿಂದ ಇಳಿದು ಬಂದರೆ ಹಾವಿಗೆ ಅದು ಹದ್ದು, ಮುಂಗುಸಿಯ ಹಾಗೇ. ಕೇರೆ ಕಚ್ಚುತ್ತದೆ, ಜೋರಾಗೇ ಕಚ್ಚುತ್ತದೆ. ವಿಷವಿಲ್ಲ, ಆದರೆ ಹಲ್ಲು ಸಣ್ಣಗೆ ಚೂಪಾಗಿ ಒಳಮುಖವಾಗಿರುತ್ತವೆ, ಕೈ ಎಳೆದುಕೊಂಡರೆ ಗೀರಿ ರಕ್ತ ಬರುತ್ತದೆ. ಸೋಪು ನೀರಿನಲ್ಲಿ ತೊಳೆದು ಟಿ.ಟಿ. ಇಂಜೆಕ್ಷನ್ ಹಾಕಿಸಿದರೆ ಸಾಕು. ಆದರೆ ನನ್ನ ಚಿಂತೆ ಆ ಕಚ್ಚು ಅಲ್ಲ. ಒಂದು ಹಾವನ್ನು ಮುಟ್ಟಿ ಏನೂ ಆಗದ ಮಗು ಇನ್ನೊಂದು ಹಾವಿಗೂ ಕೈ ಚಾಚುತ್ತದೆ. ಕೇರಣ್ಣನ ಮೇಲಿನ ನಂಬಿಕೆ ನಾಗರದ ಮೇಲೆ, ಮಂಡಲದ ಮೇಲೆ ಹೋಗಿ ಕೂರಬಾರದು.

ಮೊಟ್ಟೆ ಇಡುವುದು ಬೇಡ ಅನ್ನುವುದಕ್ಕೂ ಇದೇ ಕಾರಣ. ಕಾಡಿನ ಹಾವಿಗೆ ಕೈಯಾರೆ ತಿನ್ನಿಸಿದರೆ ಜನರ ವಾಸನೆ ಮತ್ತು ಊಟ ಎರಡೂ ಒಂದೇ ಕಡೆ ಸೇರುತ್ತವೆ. ಅಲ್ಲಿಟ್ಟ ಮೊಟ್ಟೆಗೆ ಹೆಗ್ಗಣ ಬರುತ್ತದೆ, ಕಾಡುಬೆಕ್ಕು ಬರುತ್ತದೆ. ಕೇರೆಗೆ ನಿಮ್ಮ ಮೊಟ್ಟೆಯ ಅಗತ್ಯವೇ ಇಲ್ಲ. ಒಮ್ಮೆ ಕೊಟ್ಟಿಗೆಯ ಹುಲ್ಲಿನ ಮೆದೆ ಪಕ್ಕ ಒಂದು ಕೇರೆ ಇಲಿ ಹಿಡಿಯುವುದನ್ನು ನಾನು ಮೂರು ಮಾರು ದೂರದಿಂದ ನೋಡಿದೆ. ಅದು ಹೆಬ್ಬಾವಿನ ಹಾಗೆ ಸುತ್ತು ಹಾಕಲಿಲ್ಲ. ಮೈಯ ಒಂದು ಮಡಿಕೆಯಿಂದ ಇಲಿಯನ್ನು ಗೋಡೆಗೆ ಒತ್ತಿ ಹಿಡಿಯಿತು. ಇಲಿಯ ಕಿರುಚಾಟ ನಿಂತಿತು. ಆಮೇಲೆ ತಲೆಯ ಕಡೆಯಿಂದ ಶುರು ಮಾಡಿತು. ಕೆಳದವಡೆಯ ಎಡಭಾಗ ಒಂದು ಹೆಜ್ಜೆ, ಬಲಭಾಗ ಒಂದು ಹೆಜ್ಜೆ, ಹೀಗೆ ಬಾಯಿಯೇ ಇಲಿಯ ಮೇಲೆ ನಡೆದುಕೊಂಡು ಹೋದಂತೆ. ಕೊನೆಗೆ ಇಲಿಯ ಬಾಲ ಮಾತ್ರ ತುಟಿಯಿಂದ ಹೊರಗೆ ದಾರದ ಹಾಗೆ ಜೋತಾಡುತ್ತಿತ್ತು. ಒಂದು ದೊಡ್ಡ ಆಕಳಿಕೆ ಬಂತು, ದವಡೆ ಜಾಗಕ್ಕೆ ಕೂತಿತು. ಅಷ್ಟಕ್ಕೇ ಎದ್ದು ಇನ್ನೊಂದು ಬಿಲಕ್ಕೆ ತಲೆ ಹಾಕಿತು. ಬಿಲದ ಒಳಗೇ ನುಗ್ಗಿ ಮರಿಗಳ ಸಮೇತ ಖಾಲಿ ಮಾಡುವ ಕೆಲಸ ಬೆಕ್ಕಿನಿಂದ ಆಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಇಲಿ ಜ್ವರ ಎಷ್ಟು ಕಾಟ ಕೊಡುತ್ತದೆ ಅಂತ ನಿಮಗೆ ಗೊತ್ತೇ ಇದೆ. ಇಲಿಯ ಉಚ್ಚೆ ಸೇರಿದ ನೀರಿನಿಂದ ಬರುವ ಕಾಯಿಲೆ ಅದು.

ಇನ್ನು ಅತ್ತೆಯವರ ಮಾತು. ಹಾಲಿನ ವಿಷಯ ನಿಜವಲ್ಲ. ಹಾವಿಗೆ ಚೀಪಲು ಬೇಕಾದ ಮೆತ್ತನೆ ತುಟಿಯೂ ಇಲ್ಲ, ಕೆನ್ನೆಯೂ ಇಲ್ಲ. ಆ ಒಳಮುಖದ ಹಲ್ಲು ಕೆಚ್ಚಲಿಗೆ ತಾಗಿದರೆ ಯಾವ ಹಸುವೂ ಸುಮ್ನೆ ನಿಲ್ಲುವುದಿಲ್ಲ, ಅಲ್ವಾ? ಕೇರೆ ಕೊಟ್ಟಿಗೆಗೆ ಬರುವುದು ಇಲಿಗೆ. ಹಸುವಿನ ಕಾಲ ಬಳಿ ಅದನ್ನು ಕಂಡವರು ಹಾಲಿನ ಕತೆ ಕಟ್ಟಿದರು. ಕೇರೆ ಬಾಲದಲ್ಲಿ ಹೊಡೆದರೆ ಕೈಕಾಲು ಕೊಳೆಯುತ್ತದೆ ಅನ್ನುವುದೂ ಹಾಗೇ. ಎರಡು ಹಾವು ಹೆಣೆದುಕೊಂಡು ಎದ್ದು ನಿಂತದ್ದನ್ನು ಕೇರೆ ಮತ್ತು ನಾಗರದ ಕೂಟ ಅನ್ನುತ್ತಾರಲ್ಲ, ಅವು ಸಾಮಾನ್ಯವಾಗಿ ಎರಡು ಗಂಡು ಕೇರೆಗಳು. ಬಲ ತೋರಿಸುವ ಕುಸ್ತಿ ಅದು. ಒಬ್ಬನ ತಲೆಯನ್ನು ಇನ್ನೊಬ್ಬ ನೆಲಕ್ಕೆ ಒತ್ತಲು ನೋಡುತ್ತಾನೆ, ಕಚ್ಚಾಟ ಇರುವುದಿಲ್ಲ.

ಆದರೆ ‘ಕೇರೆ ಇದ್ದಲ್ಲಿ ನಾಗರ ಬರುತ್ತೆ’ ಅನ್ನುವ ಮಾತನ್ನು ತಳ್ಳಿ ಹಾಕಬೇಡಿ. ಅತ್ತೆಯವರು ಕಣ್ಣಾರೆ ಕಂಡೇ ಹೇಳಿರುತ್ತಾರೆ. ಕೇರೆ ನಾಗರವನ್ನು ಕರೆದು ತರುವುದಿಲ್ಲ. ಎರಡಕ್ಕೂ ಬೇಕಾದದ್ದು ಒಂದೇ: ಇಲಿ, ಕಪ್ಪೆ, ಅಡಗಲು ಸಂದಿ. ಕೇರೆಗೆ ಹಿಡಿಸಿದ ಜಾಗ ನಾಗರಕ್ಕೂ ಹಿಡಿಸುತ್ತದೆ. ಇನ್ನೂ ಒಂದು ಇದೆ. ನಿಮ್ಮದು ಆಗುಂಬೆ ಸೀಮೆಗೆ ಹತ್ತಿರ, ಕಾಳಿಂಗನ ನಾಡು. ಕಾಳಿಂಗ ತಿನ್ನುವುದೇ ಮುಖ್ಯವಾಗಿ ಬೇರೆ ಹಾವುಗಳನ್ನು, ಅದರಲ್ಲೂ ಕೇರೆ ಅದಕ್ಕೆ ಪ್ರಿಯ. ಮಲೆನಾಡಿನ ಬಚ್ಚಲಿಗೆ, ಕೊಟ್ಟಿಗೆಗೆ ಕಾಳಿಂಗ ನುಗ್ಗಿದ ಎಷ್ಟೋ ಪ್ರಸಂಗಗಳಲ್ಲಿ ಅದು ಬಂದದ್ದು ಕೇರೆಯ ಜಾಡು ಹಿಡಿದು. ಎಲ್ಲರೂ ಹೊರಗೆ ಬಂದು, ಅದರ ದಾರಿಗೆ ಅಡ್ಡ ನಿಲ್ಲದೆ, ಗಲಾಟೆ ಮಾಡದೆ ಬಿಟ್ಟರೆ ಬಹಳ ಸಲ ಅದಾಗಿಯೇ ಹೋಗುತ್ತದೆ. ಒಳಗೇ ಕೂತುಬಿಟ್ಟರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಅಂತ ಗುರುತಿಸಿ, ಅದರ ವೈಜ್ಞಾನಿಕ ಹೆಸರಿಗೆ ನಮ್ಮ ‘ಕಾಳಿಂಗ’ ಪದವನ್ನೇ ಸೇರಿಸಿದ್ದಾರೆ. ಅದನ್ನು ಓದಿದ ದಿನ ನನಗೆ ಆದ ಖುಷಿ ಹೇಳತೀರದು.

ನಿಮ್ಮ ಯಜಮಾನರ ಸಲಹೆ ಒಳ್ಳೆಯ ಮನಸ್ಸಿನದು, ಕೊಲ್ಲುವ ಮಾತು ಆಡಿಲ್ಲವಲ್ಲ. ಆದರೂ ದೂರದ ಕಾಡಿಗೆ ಬಿಡುವುದು ಹಾವಿಗೆ ಉಪಕಾರ ಅಲ್ಲ. ಪ್ರತಿ ಹಾವಿಗೂ ತನ್ನದೇ ಓಡಾಟದ ಜಾಗ ಇರುತ್ತದೆ. ಎಲ್ಲಿ ಬಿಲ, ಎಲ್ಲಿ ನೀರು, ಮಳೆ ಬಂದರೆ ಎಲ್ಲಿ ಹೋಗಬೇಕು, ಎಲ್ಲ ಅದಕ್ಕೆ ಗೊತ್ತು. ಆಗುಂಬೆಯಲ್ಲಿ 2005ರಲ್ಲಿ ಶುರುವಾದ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳ ಮೈಯೊಳಗೆ ರೇಡಿಯೋ ಸಾಧನ ಇಟ್ಟು ಹಿಂಬಾಲಿಸಿದ್ದಾರೆ. ಬೇರೆ ಕಡೆ ಒಯ್ದು ಬಿಟ್ಟ ಹಾವು ನೆಲೆ ಸಿಗದೆ ಅಲೆಯುವುದು ಅದರಿಂದ ಗೊತ್ತಾಯಿತು. ಅಲೆಯುವ ಹಾವು ರಸ್ತೆಗೆ ಬೀಳುತ್ತದೆ, ಇನ್ನೊಬ್ಬರ ಮನೆಗೆ ನುಗ್ಗುತ್ತದೆ. ಇತ್ತ ನಿಮ್ಮ ಹಿತ್ತಲು ಖಾಲಿಯಾಗಿ ಇರುವುದಿಲ್ಲ. ಇಲಿ ಹೆಚ್ಚುತ್ತದೆ, ಆ ಜಾಗಕ್ಕೆ ಇನ್ನೊಂದು ಹಾವು ಬರುತ್ತದೆ, ಅದು ಕೇರೆಯೇ ಆಗಿರಬೇಕು ಅಂತೇನಿಲ್ಲ. ಕಾನೂನೂ ಇದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇರೆಯನ್ನು ಹಿಡಿಯುವುದು, ಕೊಲ್ಲುವುದು, ಸಾಕುವುದು ಎಲ್ಲವೂ ಅಪರಾಧ. ವಿಷದ ಹಾವು ಮನೆಯ ಒಳಗೇ ಸೇರಿಕೊಂಡಾಗ ಮಾತ್ರ ತರಬೇತಿ ಇರುವವರನ್ನು ಕರೆಯಿರಿ. ಅವರು ಹಿಡಿದ ಹಾವನ್ನು ಜನರ ಮುಂದೆ ಆಡಿಸಿ, ಮುತ್ತಿಟ್ಟು, ಫೋಟೋಗೆ ನಿಲ್ಲುವವರಾದರೆ ಎರಡನೇ ಸಲ ಕರೆಯಬೇಡಿ. ಹಾಗೆ ಮಾಡುತ್ತಲೇ ಪ್ರಾಣ ಕಳೆದುಕೊಂಡವರಿದ್ದಾರೆ. ಮಕ್ಕಳು ಅದನ್ನು ನೋಡಿ ಕಲಿಯುತ್ತವೆ, ನನ್ನ ಸಂಕಟ ಅದು.

ಕೇರೆ ಇರಲಿ ಅಂದೆ, ಆದರೆ ಕಟ್ಟಿಗೆ ರಾಶಿ ಅಲ್ಲೇ ಇರಬೇಕಾ? ಸ್ವಲ್ಪ ಸರಿಸಿ. ಬಚ್ಚಲ ಗೋಡೆಗೆ ಒತ್ತಿಕೊಂಡಿದ್ದರೆ ಹತ್ತಿಪ್ಪತ್ತು ಅಡಿ ಆಚೆ, ಬಿಸಿಲು ಬೀಳುವ ಕಡೆಗೇ ಹಾಕಿ. ದಿನ ಬಳಕೆಗೆ ಬೇಕಾದಷ್ಟು ಕಟ್ಟಿಗೆಯನ್ನು ಹಗಲಲ್ಲೇ ತಂದು ನೆಲದಿಂದ ಎತ್ತರದಲ್ಲಿ ಇಟ್ಟುಕೊಳ್ಳಿ. ಸಂಜೆ ಹಂಡೆ ಒಲೆಗೆ ಉರಿ ಹಾಕಲು ಕತ್ತಲಲ್ಲಿ ರಾಶಿಗೆ ಕೈ ಹಾಕುವುದು ನಮ್ಮ ಮನೆಗಳ ದೊಡ್ಡ ತಪ್ಪು. ರಾಶಿ ಸರಿಸುವುದೂ ಒಮ್ಮೆಗೇ ಬೇಡ, ಮೇಲಿಂದ ಒಂದೊಂದೇ ತೆಗೆಯಿರಿ. ಕೇರೆ ಹೊಸ ಜಾಗ ಹುಡುಕಿಕೊಳ್ಳುತ್ತದೆ. ಮೋರಿಯ ಬಾಯಿಗೆ ಜಾಲರಿ ಹಾಕಿಸಿ. ಬಾಗಿಲ ಕೆಳಗಿನ ಸಂದಿ ಮುಚ್ಚಿ. ಅಡಿಕೆ ಸಿಪ್ಪೆ, ಹಾಳೆ, ಹಳೇ ಹೆಂಚು ಮನೆಗೆ ತಾಗಿದಂತೆ ರಾಶಿ ಬೀಳದ ಹಾಗೆ ನೋಡಿಕೊಳ್ಳಿ. ಸೀಮೆಎಣ್ಣೆ, ಫಿನಾಯಿಲ್, ಬೆಳ್ಳುಳ್ಳಿ ನೀರು, ಗಂಧಕದ ಪುಡಿ, ಇವು ಯಾವುದನ್ನೂ ನಂಬಬೇಡಿ. ಹಾವು ಅದರ ಪಕ್ಕದಲ್ಲೇ ಹಾದು ಹೋಗುತ್ತದೆ. ಹಾವಿನ ಮೇಲೆ ಸೀಮೆಎಣ್ಣೆ ಎರಚುವುದಂತೂ ಚಿತ್ರಹಿಂಸೆ.

ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಇಲ್ಲದೆ ಹೋಗಬೇಡಿ. ತೋಟದಲ್ಲಿ ದರಗು (ಒಣಗಿ ಬಿದ್ದ ಎಲೆ) ಗುಡಿಸುವವರಿಗೆ ಗಂಬೂಟು ಇರಲಿ. ದರಗಿನ ಬಣ್ಣಕ್ಕೇ ಸೇರಿಹೋಗುವ, ಮೂತಿ ತುಸು ಮೇಲಕ್ಕೆತ್ತಿದ ಸಣ್ಣ ಗುಳಿಮಂಡಲ ನಮ್ಮ ತೋಟಗಳಲ್ಲಿದೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ಔಷಧ ನಾಗರ, ಕಟ್ಟಿಗೆ ಹಾವು (ಇಂಗ್ಲಿಷಿನಲ್ಲಿ ಕ್ರೇಟ್), ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಈ ಗುಳಿಮಂಡಲಕ್ಕೂ, ಕಾಳಿಂಗಕ್ಕೂ ಅದು ಮಾಡಿದ್ದಲ್ಲ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಅಂದುಕೊಂಡು ಎತ್ತಿಕೊಂಡವರಿದ್ದಾರೆ. ಬೆನ್ನ ಮೇಲೆ ಸರಪಳಿಯಂತೆ ಸಾಲಾಗಿ ಕಂದು ಮಚ್ಚೆ, ದಪ್ಪ ಮೈ, ಕುಕ್ಕರ್ ಕೂಗಿದಂಥ ಬುಸ್ ಸದ್ದು. ಅದು ಕೇರೆಯ ಹಾಗೆ ಓಡುವುದಿಲ್ಲ, ಇದ್ದಲ್ಲೇ ಸುರುಳಿ ಸುತ್ತಿ ಕೂರುತ್ತದೆ. ನೆಲದ ಮೇಲೆ ಮಲಗುವವರಿದ್ದರೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆ ಅಡಿಗೆ ಸಿಕ್ಕಿಸಿ. ಕಟ್ಟಿಗೆ ಹಾವು ರಾತ್ರಿ ಮಲಗಿದವರನ್ನೇ ಕಚ್ಚುವುದು ಜಾಸ್ತಿ. ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ಕಣ್ಣುರೆಪ್ಪೆ ಜೋತು ಬೀಳುತ್ತದೆ. ಗ್ಯಾಸ್ಟ್ರಿಕ್ ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ಕಚ್ಚಿದರೆ ಏನು ಮಾಡಬೇಕು ಅನ್ನುವುದು ಚಿಕ್ಕದು. ಕೊಯ್ಯಬೇಡಿ, ಚೀಪಬೇಡಿ, ಹಗ್ಗ ಬಿಗಿದು ಕಟ್ಟಬೇಡಿ. ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆಯಿರಿ. ಕೈಕಾಲಿಗೆ ಹಲಗೆ ಇಟ್ಟು ಅಲುಗದ ಹಾಗೆ ಕಟ್ಟಿ, ನಡೆಸದೆ ಕರೆದುಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ, ಅದು ಬರುವುದು ತಡವಾದರೆ ಸಿಕ್ಕ ವಾಹನದಲ್ಲೇ ಹೊರಡಿ. ಹಾವನ್ನು ಹೊಡೆದು ತರಬೇಕಾಗಿಲ್ಲ. ನಿಮ್ಮ ತಾಲೂಕಿನ ಯಾವ ಆಸ್ಪತ್ರೆಯಲ್ಲಿ ಔಷಧ ಇರುತ್ತದೆ ಅಂತ ಇವತ್ತೇ ವಿಚಾರಿಸಿ ಗೋಡೆ ಮೇಲೆ ಬರೆದಿಡಿ. ‘ನಾಟಿ ಮದ್ದಿನಿಂದ ಹುಷಾರಾದರು’ ಅಂತ ಯಾರಾದರೂ ಹೇಳಿದರೆ ಇದು ನೆನಪಿರಲಿ: ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಜಾಸ್ತಿ, ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೇ ಕಚ್ಚುತ್ತದೆ. ಅಂಥವರು ಯಾವ ಮದ್ದೂ ಇಲ್ಲದೇ ಉಳಿಯುತ್ತಿದ್ದರು. 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ, ಅದರಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ನಿಯಮ ಮಾಡಿತು, ದೇಶದಲ್ಲೇ ಮೊದಲು. ಇದು ಬಹಳ ಮುಂಚೆಯೇ ಆಗಬೇಕಿತ್ತು.

ಕೊನೆಗೆ ಪೊರೆ. ಇಟ್ಟುಕೊಳ್ಳಲಿ, ಅದರಲ್ಲಿ ವಿಷವಿಲ್ಲ. ಮುಟ್ಟಿದ ಮೇಲೆ ಕೈ ತೊಳೆಯಲಿ, ಅಷ್ಟೇ. ಮುಟ್ಟುವ ಆಸೆ ತೀರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ. ಅವಳನ್ನು ಕೂರಿಸಿಕೊಂಡು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಹಾವು ತುಟಿಯನ್ನು ಕಟ್ಟಿಗೆಗೆ ಉಜ್ಜಿ ಪೊರೆ ಬಿಡಿಸಲು ಶುರು ಮಾಡುತ್ತದೆ, ಆಮೇಲೆ ಕಾಲುಚೀಲ ತಿರುಚಿ ಕಳಚಿದಂತೆ ಒಳಮೈ ಹೊರಗಾಗಿ ಬರುತ್ತದೆ. ಎಳೆದು ಹಿಗ್ಗಿರುವುದರಿಂದ ಪೊರೆ ಹಾವಿಗಿಂತ ಉದ್ದ ಇರುತ್ತದೆ. ತಲೆಯ ಭಾಗ ಹರಿಯದೆ ಇದ್ದರೆ ಕಣ್ಣಿನ ಜಾಗದಲ್ಲಿ ತೂತು ಇರುವುದಿಲ್ಲ, ಸಣ್ಣ ಗಾಜಿನ ಬಟ್ಟಲಿನಂಥ ಮುಚ್ಚಳ ಇರುತ್ತದೆ. ಹಾವಿಗೆ ರೆಪ್ಪೆ ಇಲ್ಲ, ಆ ಮುಚ್ಚಳವೇ ಅದರ ಕಣ್ಣಿಗೆ ಕಾವಲು. ಪೊರೆ ಬಿಡುವ ಕೆಲವು ದಿನ ಮುಂಚೆ ಅದು ಹಾಲು ಬಿದ್ದ ಹಾಗೆ ಮಂಜಾಗುತ್ತದೆ. ಆಗ ಹಾವಿಗೆ ಸರಿಯಾಗಿ ಕಾಣುವುದಿಲ್ಲ, ದಿನಾ ಸುಮ್ಮನಿರುವ ಕೇರಣ್ಣನೂ ಹತ್ತಿರ ಬಂದದ್ದಕ್ಕೆಲ್ಲ ಎರಗಬಹುದು. ಅವನ ಕಣ್ಣು ನೀಲಿಬಿಳುಪಾಗಿ ಕಂಡ ದಿನ ಬಟ್ಟೆ ಬೇರೆ ಕಡೆ ಒಗೆಯಿರಿ.

ಆಮೇಲೆ ಬಾಲ ನೋಡಿ. ತುದಿ ಮೊಂಡಾಗಿದ್ದರೆ ಅದು ಕೇರಣ್ಣನದೇ. ತುದಿ ಹರಿಯದೆ, ಸೂಜಿಯಂತೆ ಚೂಪಾಗಿ ಮುಗಿದಿದ್ದರೆ ನಿಮ್ಮ ಹಿತ್ತಲಲ್ಲಿ ಇನ್ನೊಂದು ಹಾವಿದೆ ಅಂತ ಅರ್ಥ. ಆಗ ಬಾಲದ ಅಡಿಯ ಪರೆ (ಮೈ ಮೇಲಿನ ಹುರುಪೆ) ನೋಡಬೇಕು. ಕೇರೆಗೆ ಅದು ಎರಡೆರಡಾಗಿ, ಜಡೆ ಹೆಣೆದಂತೆ ಜೋಡಿಯಾಗಿರುತ್ತದೆ. ಕಟ್ಟಿಗೆ ಹಾವಿಗೆ ಅಡ್ಡಕ್ಕೆ ಒಂದೊಂದೇ ಪಟ್ಟಿ. ಬೆನ್ನ ಮಧ್ಯದ ಸಾಲಿನಲ್ಲೂ ಕಟ್ಟಿಗೆ ಹಾವಿನ ಪರೆ ಉಳಿದವಕ್ಕಿಂತ ದೊಡ್ಡದು, ಆರು ಮೂಲೆಯದು. ಹಾಗೇನಾದರೂ ಕಂಡರೆ ಈ ವಾರವೇ ಕಟ್ಟಿಗೆ ರಾಶಿ ಸರಿಸಿ, ಸೊಳ್ಳೆಪರದೆ ತನ್ನಿ, ಮತ್ತು ಪೊರೆಯ ತಲೆ, ಬೆನ್ನು, ಬಾಲದ ಅಡಿ ಮೂರರದ್ದೂ ಹತ್ತಿರದ ಫೋಟೋ ತೆಗೆದು ನನಗೆ ಕಳಿಸಿ. ಅಳತೆಗೆ ಪಕ್ಕದಲ್ಲಿ ಮಗಳ ಸ್ಕೇಲ್ ಇಡಿ.